ಕಡೆಯ ಡ್ರಾಯರಿನ ಚೀಟಿ

‘ಕಣ’ಕ್ಕೂ ‘ಕಣಿ’ಗೂ ನಡುವೆ ಬೆರಳಿಟ್ಟು, ವಾರಿಜಾ ‘ಕಣಜ’ದ ಚೀಟಿಯನ್ನು ಡ್ರಾಯರಿನೊಳಗೆ ಇಳಿಸಿದಳು.

ಜಯನಗರದ ಬಾಡಿಗೆ ಮನೆಯೊಂದರಲ್ಲಿದ್ದ ಪದಕೋಶದ ಕಚೇರಿಯಲ್ಲಿ ಎರಡು ವರ್ಷದಿಂದ ಅವಳ ಕೆಲಸ ಅದೇ. ಒಂದು ಮಾತಿಗೆ ಒಂದು ಚೀಟಿ. ಮೇಲೆ ಮಾತು, ಕೆಳಗೆ ಅರ್ಥ, ಅದರ ಕೆಳಗೆ ಬಳಕೆಯ ವಾಕ್ಯ. ಅಕ್ಷರದ ಕ್ರಮದಲ್ಲಿ ಅದರ ಜಾಗ ಹುಡುಕಿ ಸೇರಿಸಬೇಕು. ಜಾಗ ತಪ್ಪಿದ ಮಾತು ಕಳೆದುಹೋದಂತೆಯೇ.

ಗಡಿಯಾರ ಹನ್ನೊಂದು ಹೊಡೆಯಿತು. ಹನ್ನೆರಡರ ಬಸ್ಸಿಗೆ ಅನಂತರಾಮು ಕೋಲಾರದ ಕಡೆ ಹೊರಡುತ್ತಾನೆ. ಒಂದು ವರ್ಷ ಅಲ್ಲೇ!

ಅರೆಕೆರೆ, ಬಿಳೇಕಹಳ್ಳಿಗಳಲ್ಲಿ ಸೈಕಲ್ ತುಳಿದು ಮಾತು ಆಯ್ದು ತರುತ್ತಿದ್ದವನು ಅವನೇ. ಹದಿನೈದು ದಿನದ ಹಿಂದೆ, ಎರಡು ಚೀಟಿಗಳನ್ನು ಅವಳ ಕೈಗೆ ಕೊಡದೆ ತಾನೇ ಡ್ರಾಯರಿಗೆ ಸೇರಿಸಿ, ಕಿವಿ ಕೆಂಪಾಗಿಸಿಕೊಂಡು ಹೇಳಿದ್ದ.

“ಕ್ಷೇಮ ಅನ್ನೋ ಚೀಟಿ ಒಂದ್ಸಲ ಓದಿ, ವಾರಿಜಾ ಅವರೇ. ನಾನು ಹೇಳಬೇಕಾದ್ದು ಅದರಲ್ಲಿದೆ.”

ಅವನು ಹೋದ ಕೂಡಲೇ ಅವಳು ‘ಕ’ದ ಡ್ರಾಯರ್ ಎಳೆದಿದ್ದಳು. ‘ಕ್ಷಾಮ’ ಆದ ಮೇಲೆ, ‘ಕ್ಷೌರ’ಕ್ಕಿಂತ ಮುಂಚೆ, ಕಚೇರಿಯ ಹಿರಿಯರಾದ ಚಕ್ರಪಾಣಿ ಮೇಷ್ಟ್ರ ಅಕ್ಷರದ ಹಳೆಯ ಚೀಟಿ ಇತ್ತು. ‘ಕ್ಷೇಮ: ಪತ್ರದ ಮೊದಲಲ್ಲಿ ಬರೆಯುವ ಉಪಚಾರದ ಮಾತು.’

ಬೇರೆ ಚೀಟಿ ಇರಲಿಲ್ಲ; ಅವನು ಓದಿ ಎಂದದ್ದು ಇದನ್ನೇ. ಉಪಚಾರ... ಎರಡು ವರ್ಷದ ಮಾತು, ನಗು, ಎಲ್ಲ ಬರೀ ಉಪಚಾರ!

ಮರುದಿನ ಅವನು ಕಣ್ಣಲ್ಲೇ ಕೇಳಿದಾಗ ಅವಳು ತಲೆಯೆತ್ತದೆ ಹೇಳಿದ್ದಳು, “ಓದಿದೆ. ಅರ್ಥ ಆಯ್ತು.” ಅವನ ಮುಖ ಯಾಕೆ ಹಾಗೆ ಇಳಿಯಿತೆಂದು ಅವಳಿಗೆ ತಿಳಿಯಲಿಲ್ಲ. ಆ ವಾರವೇ ಅವನು ಮಾತು ಆಯಲು ದೂರದ ಊರು ಕೇಳಿ ಪಡೆದ. ಅವಳೂ ಅಮ್ಮನ ಮಾತಿಗೆ ಹೂಂ ಎಂದಳು. ಬಸವನಗುಡಿಯವರು ಈ ಭಾನುವಾರ ಹೆಣ್ಣು ನೋಡಲು ಬರುವವರಿದ್ದರು.

“ಅಲ್ಲಮ್ಮಾ, ಇದು ನೋಡಿಲ್ಲಿ.” ಕಡೆಯ ಡ್ರಾಯರಿನ ಮುಂದೆ ನಿಂತಿದ್ದ ಚಕ್ರಪಾಣಿ ಮೇಷ್ಟ್ರು ಒಂದು ಚೀಟಿ ಹಿಡಿದು ನಗುತ್ತಿದ್ದರು. “‘ಜ್ಞಾಪಕ’ ತಂದು ‘ಳ’ ಆದ ಮೇಲೆ ಹಾಕಿದಾನೆ ನಿಮ್ಮ ಅನಂತರಾಮು. ಮರಳಲ್ಲಿ ತಿದ್ದಿದ ವಿದ್ಯೆ! ಹ, ಳ, ಕ್ಷ, ಜ್ಞ ಅಂತ ಬಾಯಿಪಾಠ ಮಾಡಿದೋನು, ಕಡೇಲೇ ಇರುತ್ತೆ ಅಂದ್ಕೊಂಡ.”

ವಾರಿಜಾಳ ಕೈ ನಿಂತಿತು.

ಕ್ಷ, ಜ್ಞ... ಅವತ್ತು ಅವನು ಸೇರಿಸಿದ್ದು ಎರಡು ಚೀಟಿ!

ಜ್ಞಾಪಕವನ್ನು ‘ಜ’ಕ್ಕೆ ಸೇರಿಸಲು ಮೇಷ್ಟ್ರು ಒಳಗೆ ಹೋದರು. ಅವಳು ಕಡೆಯ ಡ್ರಾಯರನ್ನು ಪೂರ್ತಿ ಎಳೆದಳು. ‘ಳ’ ಎಂದು ಬರೆದ ಅಡ್ಡಹಲಗೆಯ ಹಿಂದೆ ಒಂಟಿಯಾಗಿ ಒರಗಿತ್ತು ಅದು.

‘ಕ್ಷೇಮ. ಅರ್ಥ: ಚೆನ್ನಾಗಿರುವುದು. ಬಳಕೆ: ವಾರಿಜಾ ಜೊತೆಗಿದ್ದರೆ ನಾನು ಕ್ಷೇಮ. ಒಪ್ಪಿಗೆಯಾದರೆ ತಿಳಿಸಿ, ನಿಮ್ಮ ಅಮ್ಮನನ್ನು ಬಂದು ಕಾಣುತ್ತೇನೆ.’

ಅಕ್ಷರಗಳು ಕಲಸಿಹೋದವು. ಹದಿನೈದು ದಿನ ಇಲ್ಲಿ, ನಾಲ್ಕು ಮಾರು ದೂರದಲ್ಲಿ...

ಹೊರಗೆ ಸೈಕಲ್ಲಿನ ಸ್ಟ್ಯಾಂಡು ಸದ್ದು ಮಾಡಿತು. ಅನಂತರಾಮು ಸೈಕಲ್ಲನ್ನು ಕಚೇರಿಯಲ್ಲಿ ಬಿಟ್ಟುಹೋಗಲು ಬಂದಿದ್ದ. ಹೆಗಲಲ್ಲಿ ಚೀಲ. ಅವಳ ಕಡೆ ನೋಡದೆ ಸೈಕಲ್ಲಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

“ಬರ್ತೀನಿ.”

“ಕ್ಷ ಎಲ್ಲಿ ಬರುತ್ತೆ?” ಅವಳು ಕೇಳಿದಳು.

“ಏನು?”

“ಪದಕೋಶದಲ್ಲಿ. ಕ್ಷ ಎಲ್ಲಿ ಬರುತ್ತೆ, ಹೇಳಿ.”

“ಕಡೇಲಿ... ಳ ಆದ್ಮೇಲೆ.”

“ಕಕಾರಕ್ಕೆ ಷಕಾರದ ಒತ್ತು ಕೊಟ್ಟರೆ ಕ್ಷ. ಅದರ ಜಾಗ ‘ಕ’ದಲ್ಲಿ.” ಅವಳು ಚೀಟಿ ತೋರಿಸಿದಳು. “ನಾನು ಅಲ್ಲಿ ನೋಡಿದೆ. ಮೇಷ್ಟ್ರ ಚೀಟಿ ಓದ್ಕೊಂಡೆ. ಇದು ಸಿಕ್ಕಿದ್ದು ಈಗ.”

ಅವನು ಚೀಟಿ ನೋಡಿದ, ಅವಳನ್ನು ನೋಡಿದ. ಚೀಲ ಹೆಗಲಿಂದ ಜಾರಿತು.

“ಹಾಗಾದ್ರೆ ಅವತ್ತು ಅರ್ಥ ಆಯ್ತು ಅಂದಿದ್ದು...”

“ಬೇರೆ ಅರ್ಥ.”

ಅವನು ಮೆಲ್ಲಗೆ ಕೈ ಚಾಚಿದ. “ಕೊಡಿ, ಸರಿಯಾದ ಜಾಗಕ್ಕೆ ಹಾಕ್ತೀನಿ.”

“ನೀವು ಹಾಕೋದು ಬೇಡ. ಇದರ ಜಾಗ ನಾನು ನೋಡ್ಕೋತೀನಿ.” ಕಣ್ಣೊರೆಸಿಕೊಂಡು ನಕ್ಕಳು. “ಬಸ್ಸು ಸೋಮವಾರವೂ ಇರುತ್ತೆ. ಅಮ್ಮ ಭಾನುವಾರ ಮನೇಲೇ ಇರ್ತಾರೆ.”

ಅವನು ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ವಾರಿಜಾ ಕೆಲಸಕ್ಕೆ ಕೂತಳು. ಭಾನುವಾರದ ಕೇಸರೀಬಾತಿಗೆ ರವೆ ತಾ ಎಂದಿದ್ದರು ಅಮ್ಮ. ತರುವುದೇ. ಬಸವನಗುಡಿಯವರಿಗೆ ಮಾತ್ರ, ಬರಬೇಡಿರೆಂದು ಇವತ್ತೇ ಒಂದು ಕಾಗದ ಹಾಕಬೇಕು. ಬರುವವನು ಯಾರೆಂದು ಅಮ್ಮನಿಗೆ ಈಗ ಹೇಳುವುದಿಲ್ಲ.

ಕಾಗದದ ಮೊದಲ ಸಾಲು ಅವಳಿಗೆ ಆಗಲೇ ಗೊತ್ತಿತ್ತು. ನಾವೆಲ್ಲ ಕ್ಷೇಮ.