ಮೂರು ನಿಮಿಷದ ಜಾಡು

ಹನ್ನೊಂದು ದಿನ. ದಿನಕ್ಕೆ ಹನ್ನೆರಡು ಗಂಟೆ. ಬಿಟ್ಟ ಊಟಗಳಿಗೆ ಲೆಕ್ಕವಿಲ್ಲ, ಅಮ್ಮನ ಜೊತೆ ಆಡಿದ ಜಗಳ ಎರಡು. ಆಂಬುಲೆನ್ಸ್ ಕರೆಗಳನ್ನು ಹಂಚುವ ಆ ದೊಡ್ಡ ಸಾಫ್ಟ್‌ವೇರ್‌ನಲ್ಲಿ ಒಂದೇ ಒಂದು ತಪ್ಪು ಹುಡುಕಲು ಅವಳಿಗೆ ತಗುಲಿದ್ದು ಇಷ್ಟು.

ಸಿಕ್ಕಿದ್ದು? ಏನೂ ಇಲ್ಲ!

ಸಾವಿರಕ್ಕೊಂದು ಕರೆ ಮೂರು ನಿಮಿಷ ತಡವಾಗಿ ಹೋಗುತ್ತಿತ್ತು. ಅವಳು ಸಾಫ್ಟ್‌ವೇರ್‌ನ ಪರೀಕ್ಷಾ ಪ್ರತಿಗೆ ಡಿಬಗರ್ ಎಂಬ ತಪ್ಪು ಹುಡುಕುವ ಸಾಧನ ಹಾಕಿ, ತಾನು ಬರೆದ, ಆಂಬುಲೆನ್ಸ್ ಆರಿಸುವ ಭಾಗವನ್ನು ಸಾಲು ಸಾಲಿಗೂ ನಿಲ್ಲಿಸಿ ಒಳಗೆ ಇಣುಕುತ್ತಿದ್ದಳು. ಅದಕ್ಕೇ ಆಫೀಸಿನಲ್ಲಿ ಅವಳ ಹೆಸರು ಬ್ರೇಕಮ್ಮ. ನಿಲ್ಲಿಸಿದಾಗಲೆಲ್ಲ ಎಲ್ಲವೂ ಸರಿ. ಓಡಲು ಬಿಟ್ಟರೆ ಮತ್ತೆ ತಡ.

ನಾಳೆಯೊಳಗೆ ತಪ್ಪು ಸಿಗದಿದ್ದರೆ ಅವಳ ಭಾಗವನ್ನು ಕಿತ್ತುಹಾಕುವುದಾಗಿ ಮ್ಯಾನೇಜರ್ ಹೇಳಿದ್ದರು. ಜೊತೆಗೆ ಅವಳನ್ನೂ.

ಆ ಮಧ್ಯಾಹ್ನ ಪ್ರಿಂಟರ್ ಬಳಿ ಅವನು ನಿಂತಿದ್ದ. ಅದೇ ಸಾಫ್ಟ್‌ವೇರ್‌ನಲ್ಲಿ ಕರೆ ಸ್ವೀಕರಿಸುವ ಭಾಗದ ಮುಖ್ಯಸ್ಥ. ಕೈಯಲ್ಲಿ ಮೂವತ್ತು ಹಾಳೆ. ಸಾಲು ಸಾಲಿನಲ್ಲೂ ಅವಳ ಭಾಗದ ಹೆಸರು, ಗಂಟೆ, ಸೆಕೆಂಡು!

"ನನ್ನ ಕೋಡಿಗೆ ಕೈ ಹಾಕಿದೀರಾ?"

"ಜಾಡು ಹಿಡಿಯೋ ಟ್ರೇಸ್ ಹಾಕಿದೀನಿ. ಏನನ್ನೂ ನಿಲ್ಸಲ್ಲ ಅದು. ಕರೆ ಎಲ್ಲೆಲ್ಲಿ ಹಾದು ಹೋಯ್ತೋ ಅಲ್ಲಲ್ಲಿ ಟೈಮ್ ಬರ್ಕೊಳ್ಳುತ್ತೆ, ಅಷ್ಟೆ."

"ನನ್ನನ್ನ ಒಂದ್ ಮಾತು ಕೇಳ್ದೆ?"

"ನಿಮ್ಮನ್ನಾ! ಮಾತಾಡ್ಸಿದ್ರೆ ನುಂಗೋ ಹಾಗೆ ನೋಡ್ತೀರಿ..."

ಪಕ್ಕದಲ್ಲಿದ್ದ ಟೆಸ್ಟರ್ ಅಕ್ಕ ಕಿಸಕ್ಕನೆ ನಕ್ಕರು. "ಬ್ರೇಕಮ್ಮ, ಜಾಡಪ್ಪ! ಒಳ್ಳೇ ಜೋಡಿ ಕಣ್ರಪ್ಪಾ!"

ಅವಳಿಗೆ ನಗು ಬರಲಿಲ್ಲ. 'ನನ್ನ ಮೇಲೆ ಸಾಕ್ಷಿ ಕಲೆಹಾಕ್ತಿದಾನೆ... ಎರಡು ವರ್ಷ ಇವನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಕೂತಿದ್ನಲ್ಲ, ಎಂಥಾ ಹುಚ್ಚಿ ನಾನು!'

"ಹೋಗಿ, ಮ್ಯಾನೇಜರ್‌ಗೆ ಕೊಡಿ. ನನ್ನ ಕೆಲ್ಸ ಹೋದ್ರೆ ನಿಮಗೆ ಸಮಾಧಾನ ತಾನೆ?"

ಅವನ ಮುಖ ಸಪ್ಪಗಾಯಿತು. "ಆಗ್ಲೇ ಕೊಟ್ಟೆ. ಕೊನೇ ಹಾಳೆ ನೋಡಿ."

ಬೇಡವೆಂದುಕೊಂಡೇ ಓದಿದಳು. ಕರೆ ಅವಳ ಭಾಗಕ್ಕೆ ಬಂದು ಸೇರುವ ಹೊತ್ತಿಗೇ ಮೂರು ನಿಮಿಷ ಕಳೆದಿತ್ತು! ಒಮ್ಮೆಲೇ ಹೆಚ್ಚು ಕರೆ ಬಂದರೆ ಅವನ ಭಾಗ ಒಂದನ್ನು ಹಿಂದಕ್ಕೆ ತಳ್ಳಿ ಮೂರು ನಿಮಿಷ ಮರೆಯುತ್ತಿತ್ತು. ಅವಳು ನಿಲ್ಲಿಸಿ ನೋಡುವಷ್ಟರಲ್ಲಿ ಆ ಹಿಂದುಳಿದ ಕರೆ ಬಂದು ಸೇರಿಕೊಂಡು, ಎಲ್ಲವೂ ಸರಿಯಾಗಿ ಕಾಣುತ್ತಿತ್ತು.

"ಇದು... ನಿಮ್ಮ ತಪ್ಪು!"

"ಹೂಂ. ಮುಖ್ಯಸ್ಥನ ಹುದ್ದೆ ಬಿಡಿ ಅಂದ್ರು. ಬಿಟ್ಟೆ."

"ಸುಮ್ನಿದ್ದಿದ್ರೆ ನಾಳೆ ನಾನು ಹೋಗ್ತಿದ್ದೆ. ನಿಮ್ಮ ಕುರ್ಚಿ ಉಳೀತಿತ್ತು..."

"ನೀವು ಹೋದ್ಮೇಲೆ ಆ ಕುರ್ಚೀಲಿ ಕೂತು ಯಾರನ್ನ ನೋಡ್ಲಿ?"

ಅವಳು ಹಾಳೆಗಳನ್ನು ಪ್ರಿಂಟರ್ ಮೇಲೆ ಇಟ್ಟಳು.

"ಮನಸ್ಸಲ್ಲಿರೋದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳೋಕೆ ಬಂದಾಗ್ಲೆಲ್ಲ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ಬಾಯಿ ಮುಚ್ಚಿಸ್ತಿದ್ರಿ."

"ಈಗ ಒಂದೂ ಕೇಳಲ್ಲ... ಹೇಳು."

"ನೀನು ಬೇಕು ಕಣೇ."

"ನಂಗೂ..." ಎಂದಳು. ಕಣ್ಣು ತುಂಬಿತ್ತು.

ಅವನ ಹುದ್ದೆ ಹೋಯಿತು. ಅವಳ ಕೆಲಸ ಉಳಿಯಿತು, ಅವನೂ ದಕ್ಕಿದ. ಆದರೆ ತಡವಾಗಿ ಹೋದ ಆಂಬುಲೆನ್ಸ್‌ಗಳಿಗೆ ಕಾದವರು ಏನಾದರೆಂದು ಇಬ್ಬರಿಗೂ ಎಂದೂ ಗೊತ್ತಾಗಲಿಲ್ಲ.