ಪಾಲಬಾವಿಯ ಕಬ್ಬಿಣದ ಬಾಗಿಲು

ನೀರು ಬೆರೆತ ಮರಳನ್ನು ಜೋರಾಗಿ ಹಾಯಿಸಿ ಹಳೆಯ ಬಣ್ಣ, ತುಕ್ಕು ಕೀಳುವ ಯಂತ್ರವನ್ನು ಟೆಂಪೊದಲ್ಲಿ ಹೇರಿಕೊಂಡು ಊರೂರು ತಿರುಗುವುದು ನನ್ನ ಕೆಲಸ. ಹೋದ ಮಾರ್ಚಿನಲ್ಲಿ ಪಾಲಬಾವಿಯ ಕಾಕಾಸಾಹೇಬರು ತೋಟದ ಕೋಣೆಯ ಕಬ್ಬಿಣದ ಬಾಗಿಲು ಸ್ವಚ್ಛ ಮಾಡಲು ಕರೆಸಿದರು. ಬಾಗಿಲಿನ ಒಳಮೈ ತುಂಬ ಉಗುರಿನ ಗೀರುಗಳಿದ್ದವು.

“ನಮ್ಮ ತಂಗಿ ಮಂಗಲಾನ ಇಲ್ಲೇ ಕೂಡಿ ಹಾಕಿದ್ವಿ. ತಲಿ ಕೆಟ್ಟಿತ್ತು ಆಕಿದು. ಸತ್ತು ನಾಕ ವರ್ಷ ಆತು,” ಎಂದರು.

“ಈ ಬಣ್ಣ ಯಾವಾಗ ಹಚ್ಚಿದ್ರಿ?”

“ಹೋದ ದೀಪಾವಳಿಗೆ. ಎಷ್ಟ ಸಲ ಹಚ್ಚಿದ್ರೂ ಹಿಂಗ ಆಗತೈತಿ. ಇಲಿ ಇರಬೇಕು. ನೀವು ಮಾತ ಬಿಟ್ಟು ಕೆಲಸ ಮಾಡ್ರಿ.”

ಪೈಪು ಹಿಡಿದೆ. ಒಂದು ಪದರು ಕಿತ್ತರೆ ಅದರ ಕೆಳಗಿನ ಪದರಿನಲ್ಲೂ ಗೀರು. ಬಾವಿಯ ತಣ್ಣೀರು ಬಾಗಿಲಿಗೆ ಬಡಿದು, ಬೆಚ್ಚಗಾಗಿ ನನ್ನ ಕಾಲ ಮೇಲೆ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಬರಿಯ ಕಬ್ಬಿಣ ಕಂಡಿತು, ಒಂದೂ ಗೀರು ಉಳಿಯಲಿಲ್ಲ. ಯಂತ್ರ ನಿಲ್ಲಿಸಿದಾಗ ಆ ಖಾಲಿ ಕೋಣೆಯಲ್ಲಿ ಯಾರೋ ಏದುಸಿರು ಬಿಡುವುದು ಕೇಳಿಸಿತು. ಕಾಕಾಸಾಹೇಬರಿಗೂ ಕೇಳಿಸಿರಬೇಕು. ಬಾಗಿಲನ್ನು ಒದ್ದು ಮುಚ್ಚಿ, “ಸುಮ್ನಿರ ಬೇ ಮಂಗಲಾ,” ಎಂದು ಗದರಿಸಿ ಹೊರಗಿನಿಂದ ಚಿಲಕ ಹಾಕಿದರು.

ಮರುದಿನ ಮುಂಜಾನೆ ಅವರ ಫೋನು ಬಂತು.

“ಲಗೂನ ಬರ್ರಿ. ಒಳಗ ಒಂದೂ ಗೀರಿಲ್ಲ. ಈಗ ಎಲ್ಲಾ ಹೊರಗಿನ ಮಗ್ಗಲಕ್ಕ ಅದಾವು.”