ಮೂರನೇ ಕೀಲಿಕೈ

೨೦೧೭ರ ಮಾರ್ಚ್ ೬, ಬೆಳಿಗ್ಗೆ ಹತ್ತೂವರೆ. ಖಟಕ ಚಿಂಚೋಳಿ ಠಾಣೆಗೆ ಶಾಲುಬಾಯಿ ದೂರು ತಂದಳು. ಬರಗಾಲಕ್ಕೆ ಹೈದರಾಬಾದಿಗೆ ದುಡಿಯಲು ಹೋಗಿದ್ದವಳು ಎರಡು ತಿಂಗಳ ಮೇಲೆ ಬಂದು ನೋಡಿದರೆ ಮನೆಯೊಳಗಿನ ತಾಮ್ರದ ಹಂಡೆ, ಹಿತ್ತಾಳೆ ಕೊಡಗಳು ಮಾಯ. ಬಾಗಿಲಿನ ಬೀಗ ಮಾತ್ರ ಹಾಕಿದಂತೆಯೇ ಇತ್ತು.

“ಯಾರ ಮ್ಯಾಲ ಸಂಶಯ?” ಪಿಎಸ್‌ಐ ಗೋರಖನಾಥ ಕೇಳಿದರು.

“ಕೀಲಿಕೈ ಎರಡೇ ಅದಾವ್ರಿ. ಒಂದು ನನ್ನ ಕೊಳ್ಳಾಗ, ಇನ್ನೊಂದು ಬಾಜೂ ಮನಿ ಬಿಸ್ಮಿಲ್ಲಾಬೀ ಹತ್ರ. ಮತ್ಯಾರ ಹೆಸರು ಹೇಳ್ಲಿರಿ?”

ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮುಗಿಯುವ ಮೊದಲೇ ಓಣಿ ಬಿಸ್ಮಿಲ್ಲಾಬೀಯನ್ನು ಕಳ್ಳಿ ಮಾಡಿತ್ತು. ಓಣಿಗೆ ಸಾಕ್ಷಿ ಬೇಕಾಗುವುದಿಲ್ಲ.

“ಮೂವತ್ತು ವರ್ಷ ಒಂದೇ ಗ್ವಾಡಿ ಹಂಚ್ಕೊಂಡೀವಿ ಸಾಹೇಬ್ರ. ನನ್ನ ಮನಿ ಝಡತಿ ಮಾಡ್ರಿ,” ಎಂದಳು ಬಿಸ್ಮಿಲ್ಲಾಬೀ. ಮಾಡಿದರು. ಏನೂ ಸಿಗಲಿಲ್ಲ. ಆದರೂ ಗೋರಖನಾಥರ ಸಂಶಯ ಹೋಗಲಿಲ್ಲ.

ಮಾರ್ಚ್ ೯ರಂದು ಪೇದೆ ಸಲಾವೋದ್ದೀನ ಔರಾದಿನಿಂದ ಸುದ್ದಿ ತಂದ. ಅಲ್ಲಿಯೂ ಗುಳೆ ಹೋದವರ ಮನೆಯಲ್ಲಿ ಕಳವಾಗಿತ್ತು, ಅಲ್ಲಿಯೂ ಬೀಗ ಒಡೆದಿರಲಿಲ್ಲ.

“ಎರಡೂ ಕೀಲಿ ಭಾಲ್ಕಿ ಶಿವರಾಜಪ್ಪನ ಭಾಂಡಿ ಅಂಗಡ್ಯಾಗ ತಗೊಂಡಾರ್ರಿ ಸರ.” ಎರಡೂ ಬೀಗ ಒಂದೇ ಪಾತ್ರೆ ಅಂಗಡಿಯವು.

ಬಿಸ್ಮಿಲ್ಲಾಬೀ ಔರಾದನ್ನು ಕಂಡವಳೇ ಅಲ್ಲ. ಗೋರಖನಾಥ ಶಾಲುಬಾಯಿಯನ್ನು ಮತ್ತೆ ಕರೆಸಿದರು.

“ಕೀಲಿ ಮಾರೂ ಮುಂದ ಅಂಗಡ್ಯಾಂವ ಏನೇನು ಕೇಳಿದ?”

“ನೋಟು ಸಿಗ್ತಿರಲಿಲ್ಲರಿ, ಕಾರ್ಡ್ ಕೊಟ್ಟೆ. ಚೀಟಿ ಹಿಂದ ಹೆಸರು, ಓಣಿ, ಫೋನ್ ನಂಬರ್ ಬರ್ಕೊಂಡ. ಯಾವಾಗ ಹೋಗ್ತಿ, ಯಾವಾಗ ಬರ್ತಿ ಅಂತನೂ ಕೇಳಿದ. ಕಾರ್ಡಿಗೆ ಹಂಗ ಕಾಯ್ದೆ ಅದ ಅಂದ.”

ಬ್ಯಾಂಕಿನಲ್ಲಿ ವಿಚಾರಿಸಿದರೆ ಅಂಥ ಕಾಯ್ದೆಯೇ ಇರಲಿಲ್ಲ. ಗಿರಾಕಿಯ ವಿಳಾಸ, ಫೋನ್ ಬರೆಸಿಕೊಳ್ಳುವುದಿಲ್ಲವೆಂದು ಶಿವರಾಜಪ್ಪನೇ ಕಾರ್ಡ್ ಉಜ್ಜುವ ಯಂತ್ರ ಪಡೆಯುವಾಗ ಸಹಿ ಹಾಕಿಕೊಟ್ಟಿದ್ದ.

ಮಾರ್ಚ್ ೧೦, ಹನ್ನೊಂದು ಗಂಟೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಚೀಟಿಗಳ ಕಟ್ಟು ಸಿಕ್ಕಿತು. ಒಂದೊಂದು ಚೀಟಿಗೂ ದಾರದಲ್ಲಿ ಒಂದೊಂದು ಕೀಲಿಕೈ ಕಟ್ಟಿತ್ತು.

“ಕೀಲಿ ಡಬ್ಬಿ ಮ್ಯಾಲ ಮೂರು ಕೀಲಿಕೈ ಅಂತ ಬರದದ. ಗಿರಾಕಿಗೆ ಎರಡೇ ಯಾಕ ಕೊಟ್ಟಿ?” ಗೋರಖನಾಥ ಕೇಳಿದರು.

ಶಿವರಾಜಪ್ಪ ಒಳಬಾಗಿಲಿಗೆ ಅಡ್ಡ ನಿಂತ. ಹಿಂದಿನ ಕೋಣೆಯಲ್ಲಿ ಶಾಲುಬಾಯಿಯ ಹಂಡೆಯಿತ್ತು. ಮದುವೆಯಲ್ಲಿ ಕೊರೆಸಿದ್ದ ಹೆಸರನ್ನು ಅರ್ಧ ಉಜ್ಜಿ ಅಳಿಸಿದ್ದ. ಅಲ್ಲೇ ಅವನನ್ನು ಬಂಧಿಸಿದರು.

“ಎರಡು ವರ್ಷಾತ್ರಿ, ಒಂದು ಕೊಡ ಕೇಳಿದವರಿಲ್ಲ,” ಎಂದು ಹೇಳಿಕೆಯಲ್ಲಿ ಬರೆಸಿದ. “ಬಂದವರೆಲ್ಲ ಕೀಲಿನೇ ಕೇಳ್ತಿದ್ರು. ಊರೇ ಖಾಲಿ ಆದ್ರ ನಾ ಯಾರಿಗಿ ಮಾರ್ಲಿರಿ?” ಗೋರಖನಾಥರಿಗೆ ಸಿಟ್ಟಿನ ಜೊತೆ ಸಂಕಟವೂ ಆಯಿತು.

ವಾರದ ನಂತರ ಶಾಲುಬಾಯಿ ಹೊಸ ಬೀಗ ಹಾಕಿ, ತಲೆ ತಗ್ಗಿಸಿ ಬಾಜೂ ಮನೆಯ ಬಾಗಿಲಲ್ಲಿ ನಿಂತು ಕೀಲಿಕೈ ಚಾಚಿದಳು.

ಬಿಸ್ಮಿಲ್ಲಾಬೀ ಕೈ ಮುಂದೆ ಮಾಡಲಿಲ್ಲ. “ಬ್ಯಾಡ ಶಾಲು. ನಿನ್ನ ಮನಿ ಕಡಿ ಲಕ್ಷ್ಯ ಇಡ್ತೇನಿ. ಕೀಲಿಕೈ ನೀನೇ ಒಯ್ಯಿ.”